ಕೂಡಿ ಹಾಡುವ ಮಕ್ಕಳು

ವಿಜಯಪುರ ಜಿಲ್ಲೆಯ ಮೋರಟಗಿಯಿರಲಿ, ಇಂಡಿಯಿರಲಿ, ದಿನವೂ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲುಗಟ್ಟುತ್ತಾರೆ. ಆ ಹಾಡಿಗೆ ನಾವು ಕಿವಿಗೊಡುವುದು ಕಡಿಮೆ.

ಮಕ್ಕಳು ಕೂಡಿ ಹಾಡುವುದರ ಬೆಲೆ ತಿಳಿಯಲು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯೋಣ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು, ಬಡವರ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿ, ಅನ್ನವಿಟ್ಟು ಸ್ವರ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಹೊಣೆ ಹೊತ್ತರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಎಂಥ ತಾಯ್ತನ ಅದು! ಆ ಆಶ್ರಮದಲ್ಲಿ ಕಲಿತ ಗಾಯಕ ಪಂಡಿತ ವೆಂಕಟೇಶ ಕುಮಾರರ ಧ್ವನಿಮುದ್ರಣಗಳನ್ನು ಇಂದು ದೇಶವೆಲ್ಲ ಕೇಳುತ್ತದೆ.

ಎಲ್ಲ ಮಕ್ಕಳೂ ಗವಾಯಿಗಳಾಗಬೇಕಿಲ್ಲ. ಆದರೆ ಒಂದೇ ಶ್ರುತಿಗೆ ಕೂಡಿ ಹಾಡಬೇಕಾದರೆ ಪಕ್ಕದವರ ದನಿ ಕೇಳಲೇಬೇಕು. ತನ್ನದನ್ನೇ ಏರಿಸಿದರೆ ಹಾಡು ಕೆಡುತ್ತದೆ. ಗೌಡರ ಮನೆಯ ಮಗು, ಕೂಲಿಯವರ ಮಗು, ಗುಡಿಗೆ ಹೋಗುವ ಮಗು, ದರ್ಗಾಕ್ಕೆ ಹೋಗುವ ಮಗು ಇದನ್ನು ಒಟ್ಟಿಗೆ ಕಲಿಯುವ ಜಾಗ ನಮ್ಮ ಸರಕಾರಿ ಶಾಲೆಯ ಅಂಗಳ. ಬೇರೆ ಕಡೆ ಅದು ಸುಲಭಕ್ಕೆ ಸಿಗುವುದಿಲ್ಲ.

ಹಿರಿಯರೇ, ಒಂದು ಮುಂಜಾನೆ ನಿಮ್ಮೂರ ಶಾಲೆಗೆ ಹೋಗಿ ಆ ಹಾಡು ಕೇಳಿ. ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ವಾರಕ್ಕೊಂದು ದಿನ ಆ ಮಕ್ಕಳಿಗೂ ಸಿಗಲಿ.