ಮುಟ್ಟಿ ನೋಡುವ ಮದ್ದು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನಗೆ ಮಾತಾಡಲು ಕೊಟ್ಟಿದ್ದ ವಿಷಯ 'ಯುವಕರು ಮತ್ತು ಶಿಕ್ಷಣ'. ಕಾರ್ಯದರ್ಶಿ ಅಣ್ಣನ ಹತ್ತಿರ ಹೋಗಿ, ಅಣ್ಣಾ, ಅದನ್ನ ಪ್ರತಿ ವರ್ಷ ಯಾರಾದರೂ ಹೇಳೇ ಹೇಳ್ತಾರೆ, ನಾನು ಫಿಜಿಯೋಥೆರಪಿ ಬಗ್ಗೆ ಹೇಳ್ತೀನಿ ಅಂದೆ. "ಅದೇನೋ, ಕೈಕಾಲು ತಿಕ್ಕೂದಲ್ಲ? ನೀ ಬಿ.ಎ. ಓದಾಂವ, ನಿನಗ್ಯಾಕ ಬೇಕು?" ಅಂದ. ಅಣ್ಣ ಕೇಳಿದ್ದು ಸರಿಯೇ. ನಾನು ಡಾಕ್ಟರಲ್ಲ. ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವನೂ ಅಲ್ಲ. ಅಪ್ಪನ ಮಂಚದ ಪಕ್ಕದಲ್ಲಿ ಕಲಿತೆ. ಆದ್ದರಿಂದ ನಾನು ಹೇಳುವುದರಲ್ಲಿ ಏನಾದರೂ ಸಂಶಯ ಬಂದರೆ ತಿಳಿದವರನ್ನು ಕೇಳ್ರಿ. ಆದರೆ ನಾವು ಮಾಡಿದ ತಪ್ಪನ್ನು ಮಾತ್ರ ನೀವು ಮಾಡಬೇಡ್ರಿ.

ನಿಮಗೆಲ್ಲ ಗೊತ್ತಿರುವ ಹಾಗೆ ನಮ್ಮ ಅಪ್ಪ-ಅವ್ವ ಕಬ್ಬಿನ ಟೋಳಿಗೆ ಹೋಗುತ್ತಿದ್ದರು. ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಕೈಕೊಟ್ಟ ವರ್ಷ ಯಾರ ಮನೆಗೆ ಬೀಗ ಬೀಳುವುದಿಲ್ಲ ಹೇಳ್ರಿ. ಗಂಡ-ಹೆಂಡತಿ ಸೇರಿದರೆ ಒಂದು ಕೊಯ್ತಾ. ಮುಕಾದಮ ಉಚಲ ಕೊಡುವುದು ಆ ಜೋಡಿಗೆ. ಎರಡು ವರ್ಷದ ಹಿಂದೆ, ಸೀಜನ್ ಅರ್ಧಕ್ಕೆ ಬಂದಾಗ, ಒಂದು ಬೆಳಗಿನ ಜಾವ ಅಪ್ಪ ಗುಡಿಸಲಿನಿಂದ ಎದ್ದವನು ಎಡಕ್ಕೆ ಕುಸಿದು ಬಿದ್ದ. ಬಾಯಿ ಸೊಟ್ಟಗಾಗಿತ್ತು, ಎಡಗೈ ಎತ್ತಲು ಬರುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಲಕ್ವಾ. ಟ್ರ್ಯಾಕ್ಟರ್ ಸಿಗುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು.

ಇಲ್ಲಿ ಒಂದು ಮಾತು ನೆನಪಿಡ್ರಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವಾ ಆಗಿದ್ದರೆ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಐತಿ. ಅದನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಅದಕ್ಕಿಂತ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಅಂದ್ರೆ ಮುಖ ಸೊಟ್ಟಗಾಯಿತು, ಕೈ ಬಿತ್ತು, ಮಾತು ತೊದಲಿತು ಅಂತ ಕಂಡ ಕೂಡಲೇ ಸ್ಕ್ಯಾನ್ ಇರುವ ದೊಡ್ಡ ದವಾಖಾನೆ ಹಿಡಿಯಬೇಕು. ನಮಗೆ ಅದು ಗೊತ್ತಿರಲಿಲ್ಲ.

ಕೆಲವು ದಿನ ಒಂದು ದವಾಖಾನೆಯಲ್ಲಿಟ್ಟು ಮನೆಗೆ ಕಳಿಸಿದರು. ಚೀಟಿಯ ಕೊನೆಯಲ್ಲಿ 'ಫಿಜಿಯೋ' ಅಂತ ಒಂದೇ ಪದ ಬರೆದಿತ್ತು. ಅದೇನು, ಎಲ್ಲಿ ಮಾಡಿಸಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಉಚಲ ತೀರಿರಲಿಲ್ಲ. ಅರ್ಧ ಕೊಯ್ತಾ ಆಗಿ ಉಳಿದ ಅವ್ವನ ಜೊತೆ ಅಪ್ಪನ ಜಾಗಕ್ಕೆ ನಾನು ಹೋದೆ. ಆ ಸೆಮಿಸ್ಟರ್ ನನಗೆ ಹೋಯಿತು. ಅಪ್ಪ ಊರಲ್ಲಿ ಅಜ್ಜಿಯ ಹತ್ತಿರ ಮಲಗಿದ. ಬಂದವರೆಲ್ಲ "ಆರಾಮ ಮಾಡು" ಅಂದರು. ಯಾರೋ ಹೇಳಿದರು ಅಂತ ಪಾರಿವಾಳದ ರಕ್ತ ಹಚ್ಚಿ ತಿಕ್ಕಿಸಿದ್ದೂ ಆಯಿತು. ಅದರಿಂದ ಪಾರಿವಾಳ ಹೋಯಿತು, ರೊಕ್ಕ ಹೋಯಿತು, ಕೈಕಾಲಿಗೆ ಏನೂ ಬರಲಿಲ್ಲ. ಆರು ವಾರ ಹೀಗೇ ಕಳೆಯಿತು. ಲಕ್ವಾ ಆದ ಮೇಲಿನ ಮೊದಲ ಕೆಲವು ತಿಂಗಳಲ್ಲೇ ಮೈ ಹೆಚ್ಚು ಚೇತರಿಸಿಕೊಳ್ಳುತ್ತದೆ ಅಂತ ನಂತರ ತಿಳಿಯಿತು. ಅದರಲ್ಲಿ ಆರು ವಾರವನ್ನು ನಾವು ಕೌದಿಯ ಮೇಲೆ ಮಲಗಿಸಿ ಕಳೆದಿದ್ದೆವು.

ಸೀಜನ್ ಮುಗಿದ ಮೇಲೆ ಅಪ್ಪನನ್ನು ಎಸ್.ಟಿ. ಬಸ್ಸಿನಲ್ಲಿ ಕರೆದುಕೊಂಡು ಬೇರೆ ಒಂದು ಸರಕಾರಿ ದವಾಖಾನೆಗೆ ಹೋದೆ. ಫಿಜಿಯೋಥೆರಪಿ ವಿಭಾಗದಲ್ಲಿದ್ದವರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಒಬ್ಬ ಮೇಡಂ. ಚೀಟಿ ಓದಿದರು, ಪಕ್ಕಕ್ಕಿಟ್ಟರು. ನೆಲಕ್ಕೆ ಮೊಣಕಾಲೂರಿ ಕೂತು ಅಪ್ಪನ ಎಡ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅಪ್ಪ ಕಾಲು ಎಳೆದುಕೊಳ್ಳಲು ನೋಡಿದ. ಆ ಕಾಲಿಗೆ ಬಲ ಇರಲಿಲ್ಲ, ಎಳೆದುಕೊಳ್ಳಲು ಆಗಲಿಲ್ಲ. ಹರಕು ಮುರಕು ಮರಾಠಿಯಲ್ಲಿ "ಬ್ಯಾಡ್ರಿ ಮೇಡಂ, ನನ್ನ ಕಾಲು ಮುಟ್ಟಬ್ಯಾಡ್ರಿ" ಅಂದ. ಕಾಲು ಹೊಲಸಾಗಿದೆ ಅಂತ ಅನ್ನುತ್ತಿದ್ದಾನೆ ಅಂತ ಅವರು ತಿಳಿದರೋ ಏನೋ. ಯಾಕೆ ಅಂದ ಅಂತ ನನಗೆ ಗೊತ್ತಿತ್ತು. ಹುಡುಗನಿದ್ದಾಗ ಹೋಟೆಲಿನ ಹೊರಗೆ ಬೇರೆ ಕಪ್ಪಿನಲ್ಲಿ ಚಹಾ ಕುಡಿದವನು ಅವನು. ಆ ಕಪ್ಪನ್ನು ಅವನೇ ತೊಳೆದಿಡಬೇಕಿತ್ತು. ಮೇಡಂ ತಲೆ ಎತ್ತದೆಯೇ, "ಮುಟ್ಟದಿದ್ದರೆ ನನಗೆ ಏನೂ ತಿಳಿಯುವುದಿಲ್ಲ ಕಾಕಾ. ನಮ್ಮ ವಿದ್ಯೆಯೇ ಇದು" ಅಂದರು.

ಫಿಜಿಯೋಥೆರಪಿ ಅಂದ್ರೆ ಏನು ಅಂತ ನನಗೆ ಮೊದಲು ತಿಳಿದದ್ದು ಹಾಗೆ. ಗುಳಿಗೆಯಿಲ್ಲದೆ, ಶಸ್ತ್ರಕ್ರಿಯೆಯಿಲ್ಲದೆ, ಕೈಯಿಂದ, ವ್ಯಾಯಾಮದಿಂದ, ಶಾಖ, ತಂಪು, ಕರೆಂಟು ಇಂಥವುಗಳಿಂದ ಮೈಯ ಚಲನೆಯನ್ನು ಮರಳಿ ತರುವ ಚಿಕಿತ್ಸೆ ಅದು. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ನರ್ಸುಗಳು ಇದಕ್ಕಾಗಿ ಒಂದು ಸಂಘ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳಕೊಂಡ ಸೈನಿಕರಿಂದಾಗಿ ಅದು ಬೆಳೆಯಿತು. ನಮ್ಮ ದೇಶದಲ್ಲಿ ಬೆಳೆದದ್ದು ಪೋಲಿಯೊ ದೆಸೆಯಿಂದ. 1950ರ ದಶಕದ ಶುರುವಿನಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ತೆರೆಯಿತು.

ಅವರು ಮೊದಲು ಮಾಡುವುದು ಅಳತೆ. ಪ್ರತಿ ಕೀಲು ಎಷ್ಟು ಮಡಚುತ್ತದೆ, ಎಷ್ಟು ಬಿಚ್ಚುತ್ತದೆ ಅಂತ ಕೋನಮಾಪಕದ ಹಾಗಿನ ಒಂದು ಪಟ್ಟಿಯಿಂದ ಅಳೆಯುತ್ತಾರೆ. ಸ್ನಾಯುವಿನ ಬಲಕ್ಕೆ 0ರಿಂದ 5ರವರೆಗೆ ಅಂಕ. ಏನೂ ಅಲುಗದಿದ್ದರೆ 0. ಸ್ನಾಯು ಬರೀ ಮಿಡುಕಿದರೆ 1. ಹಾಸಿಗೆಯ ಮೇಲೆ ಅಡ್ಡಕ್ಕೆ ಸರಿಯುತ್ತದೆ, ಆದರೆ ಮೇಲಕ್ಕೆ ಏಳುವುದಿಲ್ಲ ಅಂದ್ರೆ 2. ತನ್ನ ಭಾರ ತಾನೇ ಎತ್ತಿದರೆ 3. ಮೇಡಂ ಕೈಯಿಂದ ಒತ್ತಿದರೂ ಸ್ವಲ್ಪ ತಡೆದರೆ 4. ಪೂರ್ತಿ ತಡೆದರೆ 5. ಅಪ್ಪನ ಎಡಗಾಲಿಗೆ 2 ಬಂತು, ಕೈಗೆ 1. "ಬಿ.ಎ. ಮಗನ ಅಪ್ಪ ಫೇಲ್" ಅಂತ ಅಪ್ಪ ನಕ್ಕ. ಲಕ್ವಾ ಆದ ಮೇಲೆ ಅವನು ನಕ್ಕಿದ್ದು ಅವತ್ತೇ ಮೊದಲು.

ಆಮೇಲೆ ಭುಜ ನೋಡಿದರು. ಎಡ ಭುಜದ ಕೀಲು ಗೂಡಿನಿಂದ ಸ್ವಲ್ಪ ಕೆಳಗೆ ಜಾರಿತ್ತು, ಮುಟ್ಟಿದರೆ ಚೀರುತ್ತಿದ್ದ. ಇದು ಹೇಗಾಯಿತು ಅಂತ ಕೇಳಿದರು. ನಾನು ಸುಮ್ಮನಿದ್ದೆ. ಭುಜದ ಕೀಲನ್ನು ಹಿಡಿದಿಡುವುದು ಹೆಚ್ಚಾಗಿ ಸುತ್ತಲಿನ ಸ್ನಾಯುಗಳು. ಅವು ಸೋತಾಗ ಬರೀ ಕೈಯ ಭಾರಕ್ಕೇ ಕೀಲು ಜಾರುತ್ತದೆ. ಅಂಥಾದ್ದರಲ್ಲಿ ಅಜ್ಜಿ, ಕಾಕಾ, ಊರಿಗೆ ಬಂದಾಗ ನಾನು, ಎಲ್ಲರೂ ಅವನನ್ನು ಎಬ್ಬಿಸಿದ್ದು ಅದೇ ಕೈ ಹಿಡಿದು ಜಗ್ಗಿ. ಲಕ್ವಾ ಆದವರನ್ನು ಸೋತ ಕೈ ಹಿಡಿದು ಎಳೆಯಬೇಡ್ರಿ. ಸೊಂಟದ ಹತ್ತಿರ, ಬೆನ್ನಿಗೆ ಕೈಕೊಟ್ಟು ಎಬ್ಬಿಸಬೇಕು. ಕೂತಾಗ ಆ ಕೈಯ ಕೆಳಗೆ ತಲೆದಿಂಬು ಇಡಬೇಕು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ.

ಇನ್ನು ವ್ಯಾಯಾಮ. ಅದಕ್ಕೆ ಮೆಟ್ಟಿಲಿದೆ. ರೋಗಿಗೆ ಏನೂ ಆಗದಿದ್ದಾಗ ನಾವೇ ಅವರ ಕೀಲನ್ನು ನಿಧಾನವಾಗಿ ಆಡಿಸುವುದು ಮೊದಲನೇದು. ಇದರಿಂದ ಬಲ ಬರುವುದಿಲ್ಲ, ಕೀಲು ಬಿಗಿಯುವುದು ತಪ್ಪುತ್ತದೆ. ಅರ್ಧ ಅವರು, ಅರ್ಧ ನಾವು ಆಡಿಸುವುದು ಎರಡನೇದು. ಆಮೇಲೆ ಅವರೇ ಆಡಿಸುವುದು. ಕೊನೆಗೆ ಭಾರದ ವಿರುದ್ಧ. ಬಲ ಬರುವುದು ಈ ಕೊನೆಯ ಮೆಟ್ಟಿಲುಗಳಲ್ಲಿ. ಮಲಗಿದವರನ್ನು ನಾವು ದಿನವಿಡೀ ತಿಕ್ಕಿದರೆ ಅವರಿಗೆ ಹಿತ ಅನಿಸಬಹುದು, ಅವರ ಸ್ನಾಯು ಕೆಲಸ ಮಾಡಿದಂತೆ ಆಗುವುದಿಲ್ಲ. ಕಾರ್ಯದರ್ಶಿ ಅಣ್ಣನಿಗೆ ನನ್ನ ಉತ್ತರ ಇದೇ.

ಲಕ್ವಾದಲ್ಲಿ ಕೆಟ್ಟಿರುವುದು ಕೈಯಲ್ಲ, ಮಿದುಳಿನ ಒಂದು ಭಾಗ. ಅಪ್ಪನ ಎಡಮೈ ಸೋತಿದ್ದು ಬಲಗಡೆಯ ಮಿದುಳಿಗೆ ಪೆಟ್ಟಾಗಿ. ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಭಾಗ ಆ ಕೆಲಸವನ್ನು ಸ್ವಲ್ಪ ಸ್ವಲ್ಪ ಕಲಿತುಕೊಳ್ಳುತ್ತದೆ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದರೆ ಮಾತ್ರ. ನಾಲ್ಕು ಸಲ ಸಾಲದು, ನೂರಾರು ಸಲ. ದಿನಾ ಬಸ್ಸಿಗೆ ಹೋಗಲು ನಮ್ಮ ಹತ್ತಿರ ರೊಕ್ಕ ಇರಲಿಲ್ಲ. ಮೇಡಂ ತಿಂಗಳಿಗೆ ಎರಡು ಸಲ ಬರಲು ಹೇಳಿ ಉಳಿದದ್ದನ್ನು ನನಗೆ ಕಲಿಸಿದರು. ಎತ್ತರದ ಕುರ್ಚಿಯಿಂದ ಏಳುವುದು, ಕೂರುವುದು. ಸೋತ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು. ಹಿಮ್ಮಡಿ ಮೊದಲು ಊರುವುದು. ಬೆರಳಿಗೆ ಅಲ್ಲಿ ಮರದ ಗೂಟಗಳಿದ್ದವು, ನಾವು ಮನೆಯಲ್ಲಿ ಸೇಂಗಾ ಇಟ್ಟೆವು. ಆರಿಸಿ ಬುಟ್ಟಿಗೆ ಹಾಕುವುದು. ಅಪ್ಪ ಅರ್ಧ ಬುಟ್ಟಿಗೆ ಹಾಕಿದರೆ ಅರ್ಧ ಬಲಗೈಯಿಂದ ಬಾಯಿಗೆ ಹಾಕುತ್ತಿದ್ದ.

ಭಾಷೆಯದ್ದೊಂದು ತೊಡಕಿತ್ತು. ಅವರ ಕಾಗದವೆಲ್ಲ ಮರಾಠಿ, ಇಂಗ್ಲಿಷ್. ಅಪ್ಪನಿಗೆ ಮರಾಠಿ ಸಂತೆಗೆ ಸಾಲುವಷ್ಟು ಬರುತ್ತದೆ, ಮೈ ಕೆಲಸ ಮಾಡದಿದ್ದಾಗ ಅದೂ ಬರುತ್ತಿರಲಿಲ್ಲ. ಮೂರನೇ ಸಲ ಹೋದಾಗ ಮೇಡಂ ತಮ್ಮ ವಹಿಯಲ್ಲಿ ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡಿದ್ದರು: ಎತ್ತು, ಒತ್ತು, ಬಿಡು. ನನ್ನನ್ನೇ ಕೇಳಿ ಬರೆದುಕೊಂಡದ್ದು. ಅವರು "ಎತ್ತು ಕಾಕಾ" ಅಂದಾಗ ಅಪ್ಪನ ಕಾಲು ಒಂದು ಗೇಣು ಮೇಲೆ ಬಂತು. ಭಾಷೆಗೇ ಬಂತು ಅಂತ ನಾನು ಹೇಳುವುದಿಲ್ಲ. ಅಷ್ಟು ಹೊತ್ತಿಗೆ ವ್ಯಾಯಾಮವೂ ಕೆಲಸ ಮಾಡಿರಬೇಕು.

ಯಂತ್ರಗಳ ಬಗ್ಗೆ ನೀವು ಕೇಳೇ ಕೇಳ್ತೀರಿ, ಯಾಕಂದ್ರೆ ಕರೆಂಟು ಕೊಟ್ಟರೆ ಮಾತ್ರ ಚಿಕಿತ್ಸೆ ಅಂತ ನಮ್ಮವರ ನಂಬಿಕೆ. ಟೆನ್ಸ್ ಅಂತ ಒಂದು ಯಂತ್ರ ಐತಿ, ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ಕರೆಂಟು ಹರಿಸುತ್ತಾರೆ, ನೋವು ತಗ್ಗುತ್ತದೆ. ಬಿಗಿದ ಬೆರಳುಗಳಿಗೆ ಬಿಸಿ ಮೇಣ ಐತಿ. ಇವು ಬಹಳ ಸಲ ಸ್ವಲ್ಪ ಹೊತ್ತು ನೋವು ಇಳಿಸಿಕೊಡುತ್ತವೆ. ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಲಾಭ. ಮಾಡದೆ ಮನೆಗೆ ಬಂದರೆ ನಾಳೆ ಮತ್ತೆ ಅದೇ ನೋವು. ಕಾಲು ಉಳುಕಿ ಬಾತಿದ್ದರೆ ಮೊದಲ ಎರಡು ದಿನ ಕಾಸಬೇಡ್ರಿ, ತಿಕ್ಕಬೇಡ್ರಿ. ಬರ್ಫವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು-ಹದಿನೈದು ನಿಮಿಷ ಇಡ್ರಿ. ಹಳೆಯ ಬಿಗಿತಕ್ಕೆ ಶಾಖ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಶಾಖ ಕೊಡುವಾಗ ಹುಷಾರು, ಸುಟ್ಟರೂ ತಿಳಿಯುವುದಿಲ್ಲ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ಕಾಲಿನ ನರದ ನೋವೂ ಇತ್ತು. ಸಂವಿಧಾನದ ಕರಡು ಸಿದ್ಧವಾದ ದಿನಗಳಲ್ಲಿ ಅವರು ಆ ಕಾಲುಗಳನ್ನಿಟ್ಟುಕೊಂಡೇ ಕೂತಿದ್ದರು. ಫೋಟೋದಲ್ಲಿ ನಾವು ಕೋಟು, ಪೆನ್ನು ನೋಡುತ್ತೇವೆ, ಕಾಲು ಕಾಣುವುದಿಲ್ಲ.

ಈಗ ಕಾಕುಗಳ ವಿಷಯ. ನಾನು ಕಬ್ಬಿಗೆ ಹೋದ ಆ ಆರು ವಾರದಲ್ಲಿ ನೋಡಿದೆ, ಕಡಿಯುವುದು ಗಂಡಸರು, ಮೋಳಿ ಕಟ್ಟಿ ತಲೆಯ ಮೇಲೆ ಹೊತ್ತು ಹಲಗೆ ಏರಿ ಗಾಡಿ ತುಂಬುವುದರಲ್ಲಿ ಹೆಂಗಸರೂ ಸಮ. ರಾತ್ರಿ ಎಲ್ಲರೂ ಟೊಂಕ ಹಿಡಿದುಕೊಳ್ಳುತ್ತಾರೆ. ಎರಡು ನೋವಿನ ಗುಳಿಗೆ, ಬೆಳಿಗ್ಗೆ ಮತ್ತೆ ಮೋಳಿ. "ನಿಮ್ಮವರ ಮೈ ಗಟ್ಟಿ" ಅಂತ ಮುಕಾದಮ ಹೊಗಳುತ್ತಾನೆ. ಆ ಮಾತನ್ನು ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಅದು ಈಗ ಹೊಗಳಿಕೆ ಅಂತ ಕೇಳಿಸುವುದಿಲ್ಲ. ಗಟ್ಟಿ ಅಂದ ಮೇಲೆ ಯಾರೂ ಮುಟ್ಟಿ ನೋಡಬೇಕಾಗಿಲ್ಲವಲ್ಲ.

ಟೊಂಕ ನೋವು ಬಹಳಷ್ಟು ಸಲ ಕೆಲವು ವಾರದಲ್ಲಿ ತಾನೇ ತಗ್ಗುತ್ತದೆ, ಅದಕ್ಕೆ ಹಾಸಿಗೆ ಹಿಡಿಯಬೇಕಾಗಿಲ್ಲ. ಆದಷ್ಟು ನಡೆದಾಡುತ್ತಿರಬೇಕು. ಭಾರ ಎತ್ತುವಾಗ ಮೈಗೆ ಹತ್ತಿರ ಹಿಡಿದು ಎತ್ತಬೇಕು, ಎತ್ತಿಕೊಂಡೇ ಸೊಂಟ ತಿರುಚಬಾರದು, ಪಾದ ತಿರುಗಿಸಬೇಕು. ಆದರೆ ಟೊಂಕ ನೋವಿನ ಜೊತೆ ಉಚ್ಚೆ ಹಿಡಿತ ತಪ್ಪಿದರೆ ಅಥವಾ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಬಂದರೆ, ಪಾದ ಜೋಲು ಬಿದ್ದರೆ, ಜ್ವರ ಇದ್ದರೆ, ಬಿದ್ದ ಪೆಟ್ಟಿನಿಂದ ಶುರುವಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗ್ರಿ. ಉಚ್ಚೆಯ ಮಾತು ಅಂತ ನಾಚಿಕೊಂಡು ಮುಚ್ಚಿಡಬೇಡ್ರಿ.

ಹನ್ನೆರಡನೇತ್ತೆ ಸೈನ್ಸ್ ಓದುತ್ತಿರುವ ತಂಗಿಯರು ಇಲ್ಲಿ ಮೂವರು ಇದ್ದೀರಿ. ಎಂ.ಬಿ.ಬಿ.ಎಸ್. ಸಿಗದಿದ್ದರೆ ಎಲ್ಲ ಮುಗಿಯಿತು ಅಂತ ಅಳುತ್ತೀರಲ್ಲ, ಬಿ.ಪಿ.ಟಿ. ಅಂತ ಒಂದು ಪದವಿ ಐತಿ, ವಿಚಾರಿಸ್ರಿ. ಕನ್ನಡದಲ್ಲಿ "ಎತ್ತು" ಅನ್ನುವವರು ಈ ಗಡಿಯಲ್ಲಿ ಬೇಕಾಗಿದ್ದಾರೆ.

ಅಪ್ಪ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಓಣಿಯಿಂದ ಸಮಾಜ ಮಂದಿರದವರೆಗೆ ಕೋಲು ಹಿಡಿದು ತಾನೇ ನಡೆದು ಬಂದ. ಕಾಲಿಗೆ ಈಗ 4 ಅಂಕ. ಕೈ ಪೂರ್ತಿ ಬಂದಿಲ್ಲ, ಗುಂಡಿ ಹಾಕಲು ಬರುವುದಿಲ್ಲ, ಕೊಯ್ತಾ ಹಿಡಿಯಲು ಇನ್ನು ಆಗುವುದಿಲ್ಲ. ಆ ಆರು ವಾರ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಲೆಕ್ಕ ಹಾಕುವುದನ್ನು ಬಿಟ್ಟಿಲ್ಲ.

ಮೊಣಕಾಲು ನೋವಿನ ಕಾಕುಗಳಿಗೆ ಒಂದು ಸಣ್ಣ ವ್ಯಾಯಾಮ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಬೇಕು. ತೊಡೆ ಬಿಗಿಯಾಗುತ್ತದೆ. ಐದು ಎಣಿಸಿ ಬಿಡಬೇಕು, ಉಸಿರು ಹಿಡಿಯಬಾರದು. ಹೀಗೆ ಹತ್ತು ಸಲ, ದಿನಕ್ಕೆ ಎರಡು-ಮೂರು ಹೊತ್ತು. ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ಜಮಖಾನೆಯ ಮೇಲೆ ಮಾಡೋಣ. ಟವೆಲ್ ನಾನು ಒಂದೇ ತಂದೀನಿ, ಸರದಿಯಂತೆ ಬರ್ರಿ. ಎಣಿಸುವವನು ನಮ್ಮಪ್ಪ.