ಯೆನ್ ಗುರುತಿನ ಪದ್ಮನಾಭನಗರ

ಹಳೆಯ ನುಡಿ ಫಾಂಟಿನಲ್ಲಿ ಕೀಲಿಸಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಪದ್ಮನಾಭನಗರ' ಮಾಯವಾಗುತ್ತದೆ. ಮೊದಲಿಗೆ ಜಪಾನಿನ ಯೆನ್ ಗುರುತು, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ 'ಎ', ನಡುವೆ ಎರಡು ಸಲ ಬ್ರಿಟನ್ನಿನ ಪೌಂಡ್. ಡಿಟಿಪಿ ಅಂಗಡಿಯಲ್ಲಿ ಪಳಗಿದವರು ಯೆನ್ ಕಂಡರೆ 'ಪ' ಎಂದು ಓದಿಕೊಳ್ಳುತ್ತಾರೆ, ಪೌಂಡ್ ಕಂಡರೆ 'ನ'.

ಇದು ಜಾಗದ ಕೊರತೆಯಿಂದ ಹುಟ್ಟಿದ ಜಾಣತನ. ಒಂದು ಬೈಟ್‌ನಲ್ಲಿ 256 ಮನೆಗಳಷ್ಟೇ. ಕಾಗುಣಿತ, ಒತ್ತಕ್ಷರಗಳನ್ನು ಇಡಿಯಾಗಿ ಅಲ್ಲಿ ಕೂರಿಸಲಾಗದು. ಹಾಗಾಗಿ ಅಕ್ಷರವನ್ನು ಒಡೆದರು: 'ಪ'ದ ಒಡಲು ಯೆನ್ನಿನ ಮನೆಗೆ, ತಲೆಕಟ್ಟು ಆ 'ಎ'ಯ ಮನೆಗೆ. ಓದುವವರ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ವಿದೇಶಿ ನಾಣ್ಯ. ಇಂಥ ಕಡತದಲ್ಲಿ ಅಕಾರಾದಿ ಜೋಡಣೆ ಕೇಳಿದರೆ ಸಿಗುವುದು ಕಲಸುಮೇಲೋಗರ.

ಜಪಾನಿನಲ್ಲೂ ಯೆನ್ನಿನದೇ ಒಂದು ಕಥೆ ಇದೆ. ಅಲ್ಲಿನ ಮೊದಲ ಸಂಕೇತಪಟ್ಟಿಯಲ್ಲಿ ಬ್ಯಾಕ್‌ಸ್ಲಾಷ್‌ನ ಮನೆಯನ್ನು ಯೆನ್ನಿಗೆ ಬಿಟ್ಟುಕೊಟ್ಟರು. ಇಂದಿಗೂ ಜಪಾನಿ ವಿಂಡೋಸ್‌ನಲ್ಲಿ ಫೋಲ್ಡರುಗಳ ವಿಳಾಸದ ನಡುವೆ ಹಣದ ಗುರುತು ಕಾಣಿಸುತ್ತದೆ! ಆದರೆ ಅವರು ಅಕ್ಷರವನ್ನು ಒಡೆಯಲಿಲ್ಲ. 1978ರ ಮಾನಕದಲ್ಲಿ ಆರು ಸಾವಿರಕ್ಕೂ ಮಿಕ್ಕಿದ ಕಾಂಜಿ ಅಕ್ಷರಗಳಿಗೆ ತಲಾ ಎರಡು ಬೈಟ್ ಕೊಟ್ಟರು. ಸಂಕೇತಪದ್ಧತಿ ತಾಳೆಯಾಗದೆ ಪಠ್ಯ ಕೆಟ್ಟರೆ ಅದಕ್ಕೆ 'ಮೊಜಿಬಾಕೆ' ಎಂಬ ಹೆಸರೇ ಅವರಲ್ಲಿದೆ. ನಮ್ಮಲ್ಲಿ 'ಫಾಂಟ್ ಹೋಯ್ತು' ಎನ್ನುತ್ತೇವೆ.

ಯುನಿಕೋಡ್ 1991ರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಸಾಲು ಕೊಟ್ಟಿತು. ಇಲ್ಲಿ ಕೂರುವುದು ಆಕಾರದ ತುಂಡಲ್ಲ, ಅಕ್ಷರ. 'ಪದ್ಮ' ಎಂದರೆ ಪ, ದ, ಹಲಂತ (ಸ್ವರ ಕಳೆಯುವ ಗುರುತು), ಮ. ಒತ್ತು ಬರೆಯುವ ಹೊಣೆ ಫಾಂಟಿನದು. ಸೋಜಿಗವೆಂದರೆ, ನುಡಿಯಲ್ಲೂ ಇರುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಬೆರಳುಗಳೂ ಇದೇ ಕ್ರಮದಲ್ಲಿ ಓಡುತ್ತವೆ: ಪಿ, ಡಿ, ಎಫ್, ಎಂ. ಆ 'ಎಫ್' ಕೀಲಿಯೇ ಹಲಂತ. ನುಡಿಯಲ್ಲಿ ಕೀಲಿಸುತ್ತಿದ್ದವರ ಬೆರಳು ನುಡಿಯುತ್ತಿದ್ದುದು ಅಕ್ಷರವನ್ನೇ, ಕಡತದಲ್ಲಿ ಉಳಿದದ್ದು ಮಾತ್ರ ಯೆನ್ನು. (ರಾವ್ ಅವರ ಹೆಸರಿನಲ್ಲೂ ಒಬ್ಬ ಪದ್ಮನಾಭ ಇದ್ದಾನೆ: ಕಿನ್ನಿಕಂಬಳ ಪದ್ಮನಾಭ ರಾವ್.)

ಏಳು ಅಕ್ಷರದ ಪದ್ಮನಾಭನಗರ ಯುನಿಕೋಡ್‌ನಲ್ಲಿ ಹತ್ತು ಸಂಕೇತವಾಗುತ್ತದೆ, ಯುಟಿಎಫ್-8ರಲ್ಲಿ 30 ಬೈಟ್. ತುಸು ದುಬಾರಿ; ಆದರೆ ಹುಡುಕಿದರೆ ಸಿಗುತ್ತದೆ.

ಪಟ್ಟಿ ಮಾಡುವವರೂ ಎಡವುತ್ತಾರೆ. ಜಪಾನಿನ 1978ರ ಪಟ್ಟಿಗೆ ಊರಿನ ಹೆಸರೊಂದರಿಂದ ಒಂದು ಅಕ್ಷರವನ್ನು ಸೇರಿಸಬೇಕಿತ್ತು. 'ಬೆಟ್ಟ' ಮತ್ತು 'ಹೆಣ್ಣು' ಎಂಬ ಎರಡು ಚಿಹ್ನೆಗಳನ್ನು ಕತ್ತರಿಸಿ ಒಂದರ ಕೆಳಗೊಂದು ಅಂಟಿಸಿದರು; ಕಾಗದದ ಅಂಚಿನ ನೆರಳು ನಡುವೆ ಗೀಟಾಗಿ ಕಂಡು, ಎಲ್ಲೂ ಇಲ್ಲದ ಅಕ್ಷರವೊಂದು ಹುಟ್ಟಿತು. ಇಂಥವಕ್ಕೆ ಅಲ್ಲಿ 'ದೆವ್ವದ ಅಕ್ಷರ' ಎನ್ನುತ್ತಾರೆ. ಅವು ಯುನಿಕೋಡಿಗೂ ನಡೆದು ಬಂದವು, ಈಗ ಜಗತ್ತಿನ ಫೋನುಗಳಲ್ಲೆಲ್ಲ ಇವೆ.

ಕನ್ನಡದಲ್ಲಿ ಆಗಿರುವುದು ಇದರ ತಿರುವುಮುರುವು: ಅಕ್ಷರ ಅಸಲಿ, ಹೆಸರು ನಕಲಿ. ವ್ಯಾಕರಣಕಾರ ಕೇಶಿರಾಜ ತಲೆಕೆಡಿಸಿಕೊಂಡ ಹಳಗನ್ನಡದ 'ೞ' 3294ನೇ ಮನೆಯಲ್ಲಿದೆ. ಬಾಗಿಲ ಫಲಕದಲ್ಲಿ ಮಾತ್ರ 'ಕನ್ನಡ ಅಕ್ಷರ ಫಾ' ಎಂದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡಿನ ಕಟ್ಟುಪಾಡು. ಆದ್ದರಿಂದ ಇದು ತಪ್ಪು ಹೆಸರು ಎಂಬ ಟಿಪ್ಪಣಿಯನ್ನೂ ಸರಿಯಾದ ಅಡ್ಡಹೆಸರನ್ನೂ ಕೆಳಗೆ ಸೇರಿಸಿ ಕೈತೊಳೆದುಕೊಂಡರು. ಪಕ್ಕದ 3293ನೇ ಮನೆ 2021ರವರೆಗೂ ಖಾಲಿ ಇತ್ತು. ಆ ವರ್ಷ ಅಲ್ಲಿಗೆ ಸ್ವರವಿಲ್ಲದ 'ನ್' ಬರೆಯುವ ನಕಾರಪೊಲ್ಲು ಬಂದು ಸೇರಿತು, ಸರಿಯಾದ ಹೆಸರಿನಲ್ಲೇ.