ಗುಮಾಸ್ತ ಎಂದರೆ ಯಾರು?

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಒಬ್ಬ ತಮ್ಮ ಎದ್ದು ಕೇಳಿದ: "ಅಣ್ಣಾ, ಊರಿನಲ್ಲಿ ಗುಮಾಸ್ತ ಇದ್ದಾನೆ ಎನ್ನುತ್ತೇವೆ. ಇಲ್ಲಿ ಗುಮಾಸ್ತ ಇದೆ ಎನ್ನುತ್ತಾರೆ. ಅದು ಮನುಷ್ಯನೋ, ಕಾಗದವೋ?" ಎಲ್ಲರೂ ನಕ್ಕಿರಿ. ಆದರೆ ಪ್ರಶ್ನೆ ನಗುವಂಥದ್ದಲ್ಲ.

ಮಾತು ಫಾರಸಿ ಭಾಷೆಯದು. ಗುಮಾಶ್ತನ್ ಎಂದರೆ ನೇಮಿಸುವುದು, ಗುಮಾಶ್ತಾ ಎಂದರೆ ನೇಮಕಗೊಂಡವನು. ಯಾರು ನೇಮಿಸಿದರು, ಯಾವ ಕೆಲಸಕ್ಕೆ ಎಂಬುದರ ಮೇಲೆ ಅರ್ಥ ಬದಲಾಗುತ್ತ ಹೋಯಿತು. ಸಾಹುಕಾರನ ಪರವಾಗಿ ಪರವೂರಿನಲ್ಲಿ ಖರೀದಿ ಮಾಡುವವನು ಗುಮಾಸ್ತ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ ನೇಕಾರರಿಗೆ ಮುಂಗಡ ಕೊಟ್ಟು, ಬೇರೆಯವರಿಗೆ ಬಟ್ಟೆ ಮಾರದಂತೆ ಕಟ್ಟಿಹಾಕಿ, ತಡವಾದರೆ ಸಿಪಾಯಿಗಳನ್ನು ಕರೆತಂದು ಹೊಡೆಸುತ್ತಿದ್ದ. ನಮ್ಮ ಕನ್ನಡದ ಗುಮಾಸ್ತ ಸಾಧು ಪ್ರಾಣಿ. ಕಚೇರಿಯಲ್ಲಿ ಕಡತ ಕಟ್ಟುವವನು, ವಕೀಲರ ಬಳಿ ವಾಯಿದೆಯ ತಾರೀಖು ಹೇಳುವವನು, ಮಂಡಿಯಲ್ಲಿ ಲೆಕ್ಕ ಬರೆಯುವವನು. ಮಗ ಗುಮಾಸ್ತನಾದರೆ ಸಾಕೆಂದು ಹರಕೆ ಹೊತ್ತ ತಾಯಂದಿರುಂಟು.

ಪುಣೆಗೆ ಬಂದರೆ ಇನ್ನೊಂದು ಅರ್ಥ. ಮರಾಠಿಯಲ್ಲಿ ಅಂಗಡಿಯ ನೌಕರನೂ ಗುಮಾಸ್ತನೇ. ಅವನಿಗಾಗಿ ಮುಂಬಯಿ ಪ್ರಾಂತ 1939ರಲ್ಲಿ ಒಂದು ಕಾಯ್ದೆ ಮಾಡಿತು. 1948ರಲ್ಲಿ ಅದನ್ನು ಹೊಸದಾಗಿ ಬರೆದರು. ಹೋಟೆಲುಗಳೂ ಅದರೊಳಗೆ ಬಂದವು. ಗಿರಣಿಯವರಿಗೆ ಅದೇ ವರ್ಷದ ಕಾರ್ಖಾನೆ ಕಾಯ್ದೆ ಬೇರೆ ಇತ್ತು. ಜನರ ಬಾಯಲ್ಲಿ ನಮ್ಮದು 'ಗುಮಾಸ್ತಾ ಕಾಯ್ದೆ'. ದಿನಕ್ಕೆ 9 ಗಂಟೆ ಕೆಲಸ, ವಾರಕ್ಕೆ 1 ದಿನ ರಜೆ, ಹೋಟೆಲು ನೌಕರನ ಕೈಗೆ ಗುರುತಿನ ಚೀಟಿ, ಎಲ್ಲ ಅದರಲ್ಲಿತ್ತು. ಬರಬರುತ್ತ ಕಾಯ್ದೆ ಎಂಬ ಮಾತು ಉದುರಿ, ಧಣಿಯ ಪರವಾನೆಯೇ 'ಗುಮಾಸ್ತ' ಆಯಿತು. ನೇಮಕಗೊಂಡವನ ಹೆಸರು ನೇಮಿಸಿದವನ ಕಾಗದಕ್ಕೆ ಅಂಟಿತು ನೋಡಿ!

ನಾನು ಮೋರಿಯ ಬಳಿ ಕಪ್ಪುಬಸಿ ತೊಳೆಯುತ್ತಿದ್ದ ಹೋಟೆಲಿನಲ್ಲಿ, ಹೆಸರು ಬೇಡ, ಆ ಕಾಗದ ಗಲ್ಲೆಯ ಮೇಲೆ ಲಕ್ಷ್ಮಿಯ ಪಟದ ಪಕ್ಕದಲ್ಲಿ ಗಾಜಿನೊಳಗಿತ್ತು. ಊದಿನಕಡ್ಡಿಯ ಹೊಗೆ ಅದಕ್ಕೂ ಸಲ್ಲುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು 6. ರಾತ್ರಿ ಮೇಜು ಜೋಡಿಸಿ ಮಲಗುತ್ತಿದ್ದವರು 11 ಜನ. ಉಳಿದ ಐವರು ಯಾರು? ಅಡಿಗೆ ಭಟ್ಟರ ನೆಂಟರು, ಪುಣೆ ನೋಡಲು ಬಂದವರು! ಇನ್ಸ್‌ಪೆಕ್ಟರು ಬಂದ ದಿನ ನಾವು ನೆಂಟರೆಲ್ಲ ಹಿಂಬಾಗಿಲಿನಿಂದ ಊರು ನೋಡಲು ಹೋಗುತ್ತಿದ್ದೆವು.

ಈ ತಲೆ ಲೆಕ್ಕ ಈಗ ಇನ್ನೂ ಮುಖ್ಯವಾಗಿದೆ. 1948ರ ಕಾಯ್ದೆಯನ್ನು ತೆಗೆದು ಮಹಾರಾಷ್ಟ್ರ 2017ರಲ್ಲಿ ಹೊಸದನ್ನು ತಂದಿತು. 10 ಜನರಿಗಿಂತ ಕಡಿಮೆ ಇದ್ದರೆ ನೋಂದಣಿ ಬೇಡ, ಧಣಿ ಸರ್ಕಾರಕ್ಕೆ ತಿಳಿಸಿದರೆ ಸಾಕು ಎಂದರು. 2025ರಲ್ಲಿ ಆ 10 ಎಂಬುದನ್ನು 20 ಮಾಡಿದರು. ನಮ್ಮ ಸಣ್ಣ ಹೋಟೆಲುಗಳಲ್ಲಿ 20 ತುಂಬುವುದೆಲ್ಲಿ? ಅಡಿಗೆಮನೆಯಲ್ಲಿ ತುಂಬಿದರೂ ಪುಸ್ತಕದಲ್ಲಿ ತುಂಬಬೇಕಲ್ಲ!

ಆದುದರಿಂದ "ಗುಮಾಸ್ತ ಉಂಟೋ" ಎಂದು ಕೇಳಿ ಸುಮ್ಮನಾಗಬೇಡಿ. "ಪುಸ್ತಕದಲ್ಲಿ ನನ್ನ ಹೆಸರು ಉಂಟೋ, ನನ್ನ ಚೀಟಿ ಎಲ್ಲಿ" ಎಂದು ಕೇಳಿ. ಒಬ್ಬನೇ ಕೇಳಿದರೆ ಗಂಟುಮೂಟೆ ಕಟ್ಟಿಸುತ್ತಾರೆ. ಮೊದಲು ಸಂಘದ ವಹಿಯಲ್ಲಿ ನಿಮ್ಮ ಹೆಸರು, ಊರು, ಕೆಲಸಕ್ಕೆ ಸೇರಿದ ತಾರೀಖು, ಜೊತೆಯಲ್ಲಿ ದುಡಿಯುವವರು ಎಷ್ಟು ಎಂಬುದನ್ನು ಬರೆಸಿ. ಬರೆಯಲು ಬಾರದವರಿಗೆ ಬರೆದುಕೊಡಲು ರಾತ್ರಿ ಪಾಳಿ ಮುಗಿದ ಮೇಲೆ ನಾನು ಇಲ್ಲೇ ಕುಳಿತಿರುತ್ತೇನೆ.